ಹಾಜರಿ ಪುಸ್ತಕದಲ್ಲಿ 28 ಕ್ಷೇತ್ರಗಳು

2024ರ ಜೂನ್ 4, ಮಂಗಳವಾರ. ಬೆಳಗಿನ ಜಾವ ನಾಲ್ಕೂವರೆಗೆ ನಾನು ಮನೆಯಿಂದ ಹೊರಟಾಗ ಅಪ್ಪ ಆಗಲೇ ಎದ್ದು, ಕನ್ನಡಕ ಒರೆಸಿಕೊಂಡು, ಹಳೆಯ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ಪ್ರಾಥಮಿಕ ಶಾಲೆಯ ಮೇಷ್ಟರಾಗಿ ನಿವೃತ್ತರಾದ ಅವರು 1977ರಿಂದ ಪ್ರತಿ ಲೋಕಸಭಾ ಚುನಾವಣೆಯ ಫಲಿತಾಂಶವನ್ನು ಆ ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದಾರೆ. ಮಕ್ಕಳ ಹೆಸರು ಬರೆಯಬೇಕಾದ ಕಾಲಂನಲ್ಲಿ ರಾಜ್ಯದ 28 ಕ್ಷೇತ್ರಗಳ ಹೆಸರು, ಹಾಜರಿ ಹಾಕುವ ಚೌಕಗಳಲ್ಲಿ ‘ಕಾಂ’, ‘ಬಿ’, ‘ದಳ’ ಎಂಬ ಗುರುತುಗಳು. ದೇಶ ಇಂದಿರಾ ಗಾಂಧಿಯವರನ್ನು ಸೋಲಿಸಿದ ಆ ವರ್ಷವೂ ಕರ್ನಾಟಕ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತ್ತು. ಆ ಮೊದಲ ಪುಟವನ್ನು ಅಪ್ಪ ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ.

‘ಎಣಿಸೋನು ನೀನು, ಬರೆಯೋನು ನಾನು. ಲೀಡು ಎಷ್ಟಾತು ಅಂತ ಆಗಾಗ ಫೋನ್ ಮಾಡ್ತಿರು’ ಎಂದರು. ಫೋನನ್ನು ಒಳಗೆ ಬಿಡುವುದಿಲ್ಲ ಎಂದು ಮೂರು ದಿನಗಳಿಂದ ಹೇಳುತ್ತಲೇ ಇದ್ದೆ. ಅದು ಅವರ ಕಿವಿಗೆ ಹೋದಂತೆ ಕಾಣಲಿಲ್ಲ.

ದಾವಣಗೆರೆ ಕ್ಷೇತ್ರದ ಮತ ಎಣಿಕೆ ತೋಳಹುಣಸೆಯ ವಿಶ್ವವಿದ್ಯಾನಿಲಯದ ಆವರಣದಲ್ಲಿ ನಡೆಯಿತು. ಕಾಲೇಜು ಅಧ್ಯಾಪಕನಾದ ನನಗೆ ಎಣಿಕೆ ಮೇಲ್ವಿಚಾರಕನ ಕೆಲಸ ಬಿದ್ದಿತ್ತು. ಯಾರು ಯಾವ ಮೇಜಿಗೆ ಎಂಬುದು ಅಂದೇ ಬೆಳಗಿನ ಜಾವ ತೀರ್ಮಾನವಾಗುವುದರಿಂದ ಹಿಂದಿನ ದಿನ ಯಾರಿಗೂ ತಿಳಿದಿರುವುದಿಲ್ಲ. ಗೇಟಿನಲ್ಲಿ ಮೊಬೈಲ್ ಒಪ್ಪಿಸಿ ಚೀಟಿ ಪಡೆದು ಒಳಗೆ ಹೋದ ಕ್ಷಣದಿಂದ ಹೊರಗಿನ ಲೋಕದ ಸಂಪರ್ಕ ಕಡಿಯಿತು. ಟಿ.ವಿ. ಮುಂದೆ ಕುಳಿತ ಕೋಟ್ಯಂತರ ಜನರಿಗೆ ಕ್ಷಣಕ್ಷಣಕ್ಕೂ ತಿಳಿಯುವ ಸುದ್ದಿ, ಅದನ್ನು ಸ್ವತಃ ಎಣಿಸುತ್ತಿರುವವನಿಗೆ ತಿಳಿಯುವುದಿಲ್ಲ ಎಂಬುದು ನನಗೆ ಆ ದಿನದವರೆಗೆ ಹೊಳೆದೇ ಇರಲಿಲ್ಲ.

ಕರ್ನಾಟಕದಲ್ಲಿ ಒಂದು ಲೋಕಸಭಾ ಕ್ಷೇತ್ರವೆಂದರೆ ಎಂಟು ವಿಧಾನಸಭಾ ಕ್ಷೇತ್ರಗಳು. ನಮ್ಮಲ್ಲಿ ಜಗಳೂರಿನಿಂದ ಹೊನ್ನಾಳಿಯವರೆಗೆ, ಜೊತೆಗೆ ಹರಪನಹಳ್ಳಿ. ಪ್ರತಿಯೊಂದಕ್ಕೂ ಪ್ರತ್ಯೇಕ ಕೊಠಡಿ, ಕೊಠಡಿಗೆ 14 ಮೇಜು. ನಾನಿದ್ದ ಕೊಠಡಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಗೋಪ್ಯತೆಯ ಪ್ರಮಾಣವಚನಕ್ಕೆ ಸಹಿ ಹಾಕಿದ್ದೇನೆ. ಎಂಟು ಗಂಟೆಗೆ ಅಂಚೆ ಮತಗಳ ಎಣಿಕೆ ಆರಂಭವಾಗಿ, ಅರ್ಧ ಗಂಟೆಯ ಬಳಿಕ ನಮ್ಮ ಮೇಜಿಗೆ ಮತಗಳ ಲೆಕ್ಕ ಇಟ್ಟುಕೊಳ್ಳುವ ಮತಯಂತ್ರದ ಭಾಗ, ಮೊದಲ ಕಂಟ್ರೋಲ್ ಯುನಿಟ್, ಬಂತು. ಮೇ 7ರಂದು ಮತದಾನ ಮುಗಿದು 28 ದಿನ ಭದ್ರತಾ ಕೊಠಡಿಯ ಕತ್ತಲಲ್ಲಿದ್ದ ಯಂತ್ರ ಅದು. ಮೊಹರುಗಳು ಹಾಗೆಯೇ ಇವೆಯೇ ಎಂದು ತಂತಿಜಾಲರಿಯ ಆಚೆ ಕುಳಿತ ಅಭ್ಯರ್ಥಿಗಳ ಏಜೆಂಟರಿಗೆ ತೋರಿಸಿ, ಚಲಾವಣೆಯಾದ ಒಟ್ಟು ಮತ ನಮೂನೆ 17ಸಿಯಲ್ಲಿ ಮತಗಟ್ಟೆಯ ಅಧಿಕಾರಿ ಬರೆದ ಸಂಖ್ಯೆಗೆ ಸರಿಹೊಂದುತ್ತದೆಯೇ ಎಂದು ನೋಡಿ, ಅನಂತರ ಫಲಿತಾಂಶದ ಗುಂಡಿ ಒತ್ತಬೇಕು. ಯಂತ್ರ ಒಬ್ಬೊಬ್ಬ ಅಭ್ಯರ್ಥಿಯ ಕ್ರಮಸಂಖ್ಯೆ, ಪಡೆದ ಮತ ಎಂದು ನಿಧಾನವಾಗಿ ತೋರಿಸುತ್ತ ಹೋಗುತ್ತದೆ, ಕೊನೆಗೆ ನೋಟಾ. ಅದನ್ನು ಎರಡೂ ಕೈಯಲ್ಲಿ ಎತ್ತಿ, ಮಂಗಳಾರತಿ ತಟ್ಟೆಯಂತೆ ಜಾಲರಿಯುದ್ದಕ್ಕೂ ಎಲ್ಲ ಏಜೆಂಟರಿಗೂ ಕಾಣುವಂತೆ ಹಿಡಿಯುವುದು ನನ್ನ ಕೆಲಸವಾಗಿತ್ತು.

ಆರನೆಯ ಸುತ್ತಿನ ಹೊತ್ತಿಗೆ ನಾನೊಂದು ತಪ್ಪು ಮಾಡಿದೆ. ಯಂತ್ರ 214 ಎಂದು ತೋರಿಸಿದ್ದನ್ನು ಹಾಳೆಯಲ್ಲಿ 241 ಎಂದು ಬರೆದುಬಿಟ್ಟೆ. ‘ಸಾರ್, ಒಂದ್ನಿಮಿಷ ತಡೀರಿ. ಮಿಷಿನ್‌ನಾಗೆ ಬಂದಿದ್ದು ಇನ್ನೂರಾ ಹದಿನಾಕು, ನೀವು ನಲವತ್ತೊಂದು ಬರದೀರಿ’ ಎಂದು ಜಾಲರಿಯ ಆಚೆಯಿಂದ ಒಬ್ಬ ಏಜೆಂಟರು ಕೂಗಿದರು. ಎಣಿಕೆಯ ಮೇಲೆ ಕಣ್ಣಿಡುವ ಮೈಕ್ರೋ ಅಬ್ಸರ್ವರ್ ಪ್ರತ್ಯೇಕವಾಗಿ ಬರೆದುಕೊಂಡಿದ್ದ ಹಾಳೆಯಲ್ಲಿಯೂ 214 ಎಂದೇ ಇತ್ತು. ಯಂತ್ರವನ್ನು ಮತ್ತೆ ನೋಡಿ, ತಪ್ಪನ್ನು ಹೊಡೆದುಹಾಕಿ, ಸರಿಪಡಿಸಿದ ಜಾಗದಲ್ಲಿ ಸಹಿ ಮಾಡುವಷ್ಟರಲ್ಲಿ ನನ್ನ ಬೆನ್ನು ಬೆವರಿನಿಂದ ತೊಯ್ದಿತ್ತು. ಒಟ್ಟು ಕೂಡಿಸುವಾಗ ತಾಳೆಯಾಗದೆ ತಪ್ಪು ಹೇಗೂ ಸಿಕ್ಕಿಬೀಳುತ್ತಿತ್ತು ಎಂದು ನನ್ನ ಸಹಾಯಕರು ಸಮಾಧಾನ ಹೇಳಿದರೂ, ಇದೇ ದಾವಣಗೆರೆ 2009ರಲ್ಲಿ 2,024 ಮತಗಳ ಅಂತರದಲ್ಲಿ ತೀರ್ಮಾನವಾದ ಕ್ಷೇತ್ರ ಎಂಬುದು ನೆನಪಾಗಿ ಕೈ ನಡುಗಿತು. ಯಾರ ಲೆಕ್ಕಕ್ಕೆ 27 ಮತ ಹೆಚ್ಚಾಗಿತ್ತೋ ಆ ಪಕ್ಷದ ಏಜೆಂಟರು ಮಾತ್ರ ಅಷ್ಟು ಹೊತ್ತೂ ಚಹಾ ಲೋಟವನ್ನೇ ನೋಡುತ್ತ ಕುಳಿತಿದ್ದರು.

ನನ್ನ ಮೇಜಿನ ಮೇಲೆ ಅಂದು 17 ಯಂತ್ರಗಳು ಹಾದುಹೋದವು. ಒಂದರಲ್ಲಿ ಒಂದು ಪಕ್ಷಕ್ಕೆ ಮೂರು ಪಾಲು ಮತ, ಅದರ ಹಿಂದೆಯೇ ಬಂದ ಇನ್ನೊಂದರಲ್ಲಿ ಪೂರ್ತಿ ತಿರುವುಮುರುವು. ಎರಡೂ ಒಂದೇ ಊರಿನ ಬೇರೆ ಬೇರೆ ಕೇರಿಗಳಿರಬೇಕು ಎಂದು ಏಜೆಂಟರು ಬೂತ್ ಸಂಖ್ಯೆ ನೋಡಿಯೇ ಹೇಳುತ್ತಿದ್ದರು. ‘ಅಲೆ’ ಎಂಬ ಪದವನ್ನು ನಾನು ತರಗತಿಯಲ್ಲಿ ಧಾರಾಳವಾಗಿ ಬಳಸುತ್ತಿದ್ದವನು. ಹತ್ತಿರದಿಂದ ಕಂಡಾಗ ಅಲೆಯೇನೂ ಕಾಣಲಿಲ್ಲ, ಕೇರಿಗಳಷ್ಟೇ ಕಂಡವು.

ರಾಜ್ಯದ ಸುದ್ದಿ ಒಳಗೆ ಬರುತ್ತಿದ್ದುದು ಚಹಾದ ಜೊತೆಯಲ್ಲಿ. ಮೂರು ದಿನ ಮೊದಲು ಬಂದಿದ್ದ ಮತಗಟ್ಟೆ ಸಮೀಕ್ಷೆಗಳಲ್ಲಿ ಬಹುಪಾಲು ಬಿಜೆಪಿ–ಜೆಡಿಎಸ್ ಮೈತ್ರಿಗೆ 20ಕ್ಕೂ ಹೆಚ್ಚು ಸ್ಥಾನ ಹೇಳಿದ್ದವು. ಹನ್ನೊಂದರ ಚಹಾ ತಂದ ಹುಡುಗ ‘ಹಾಸನ ಹೋತಂತೆ’ ಎಂದ. ಮಧ್ಯಾಹ್ನದ ಊಟದ ಪೊಟ್ಟಣದೊಂದಿಗೆ ‘ಬೆಂಗಳೂರು ಗ್ರಾಮಾಂತರದಾಗೆ ಡಾಕ್ಟ್ರು ಮಂಜುನಾಥ್ ಎರಡು ಲಕ್ಷದ ಮ್ಯಾಲೆ ಐದಾರೆ’ ಎಂಬ ಮಾತು ಬಂತು. ಯಾವುದು ನಿಜ, ಯಾವುದು ಹುಡುಗನ ಆಸೆ ಎಂದು ತಿಳಿಯುವ ಉಪಾಯವಿರಲಿಲ್ಲ. ಆಮೇಲೆ ನೋಡಿದರೆ ಎರಡೂ ನಿಜವೇ ಆಗಿದ್ದವು.

ಸುತ್ತುಗಳೆಲ್ಲ ಮುಗಿದ ಮೇಲೆ ಚೀಟಿ ಎತ್ತಿ ಆಯ್ದ ಐದು ಮತಗಟ್ಟೆಗಳ ವಿವಿಪ್ಯಾಟ್ ಕಾಗದಗಳನ್ನು, ಎಂದರೆ ಮತ ಯಾರಿಗೆ ಬಿತ್ತೆಂದು ತೋರಿಸಲು ಯಂತ್ರ ಅಚ್ಚು ಹಾಕುವ ಚೀಟಿಗಳನ್ನು, ಕೈಯಿಂದ ಎಣಿಸಬೇಕಾಗಿತ್ತು. ಒಂದರ ಎಣಿಕೆಗೆ ನನ್ನನ್ನೂ ಕರೆದರು. ಬ್ಯಾಂಕಿನ ಕ್ಯಾಷಿಯರ್ ಗೂಡಿನಂತಹ ಜಾಲರಿಯ ಗೂಡು. ಒಳಗೆ ಅಭ್ಯರ್ಥಿಗೊಂದರಂತೆ ಖಾನೆಗಳು. ಕಾಗದ ಹಾರೀತೆಂದು ಫ್ಯಾನ್ ಆರಿಸಿದ್ದರು. ಕ್ರಮಸಂಖ್ಯೆ, ಹೆಸರು, ಚಿಹ್ನೆ ಅಚ್ಚಾದ ಆ ನುಣುಪು ಚೀಟಿಗಳು ಸುರುಳಿ ಸುತ್ತಿಕೊಂಡು ಒಂದಕ್ಕೊಂದು ಅಂಟಿದ್ದವು. ಬಿಡಿಸಿ, ಏಜೆಂಟರಿಗೆ ತೋರಿಸಿ, ಖಾನೆಗೆ ಹಾಕಿ, ಇಪ್ಪತ್ತೈದರ ಕಟ್ಟು ಮಾಡುತ್ತ ಹೋದೆವು. ಏಳು ಸೆಕೆಂಡು ಗಾಜಿನ ಹಿಂದೆ ಕಂಡು ಕೆಳಗೆ ಬಿದ್ದ ಒಂದೊಂದು ಚೀಟಿಯೂ ಒಬ್ಬೊಬ್ಬರು ಬಿಸಿಲಲ್ಲಿ ಸಾಲು ನಿಂತು ಒತ್ತಿದ್ದು. ಸಂಖ್ಯೆ ಯಂತ್ರದ ಲೆಕ್ಕಕ್ಕೆ ತಾಳೆಯಾಯಿತು.

ಹೊರಗೆ ಬಂದು ಚೀಟಿ ಕೊಟ್ಟು ಮೊಬೈಲ್ ಪಡೆದಾಗ 11 ಮಿಸ್ಡ್ ಕಾಲ್, ಅವುಗಳಲ್ಲಿ ಒಂಬತ್ತು ಅಪ್ಪನವು. ಪಟಾಕಿಯ ಹೊಗೆ, ಬಣ್ಣ, ಡೊಳ್ಳು. ಕಾಂಗ್ರೆಸ್ಸಿನ ಡಾ. ಪ್ರಭಾ ಮಲ್ಲಿಕಾರ್ಜುನ್ ಬಿಜೆಪಿಯ ಗಾಯಿತ್ರಿ ಸಿದ್ದೇಶ್ವರ ಅವರನ್ನು ಸುಮಾರು 26 ಸಾವಿರ ಮತಗಳಿಂದ ಸೋಲಿಸಿದ್ದರು. 1999ರಿಂದ ಸತತವಾಗಿ ಐದು ಬಾರಿ ಬಿಜೆಪಿ ಗೆದ್ದಿದ್ದ ಕ್ಷೇತ್ರ ಕೈ ಬದಲಾಯಿಸಿತ್ತು. ಅದನ್ನು ಅಲ್ಲಿಯೇ ಎಣಿಸಿದ ನನಗೆ ಗೇಟಿನ ಹೊರಗೆ ಗೊತ್ತಾಯಿತು.

ರಾತ್ರಿ ಊಟದ ನಂತರ ಅಪ್ಪ ಪೆನ್ನನ್ನು ನನ್ನ ಕೈಗೆ ಕೊಟ್ಟರು. ಅವರ ಕೈ ಈಗೀಗ ನಡುಗುತ್ತದೆ. ಅವರು ಹೇಳಿದಂತೆ ನಾನು ಬರೆದೆ: ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಅಷ್ಟೂ ‘ಕಾಂ’, ಚಿಕ್ಕೋಡಿ, ದಾವಣಗೆರೆ, ಹಾಸನ, ಚಾಮರಾಜನಗರ ಕೂಡ ‘ಕಾಂ’. ಮಂಡ್ಯ, ಕೋಲಾರ ‘ದಳ’. ಕರಾವಳಿ, ಮಲೆನಾಡು, ಬೆಂಗಳೂರು ಸೇರಿ ಉಳಿದುದೆಲ್ಲ ‘ಬಿ’. ಕೆಳಗೆ ಮೊತ್ತ ಹಾಕಿದೆ: ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2.

ಅಪ್ಪ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು, ಹಿಂದಿನ ಪುಟಗಳನ್ನು ಮಗುಚಿ, ನನ್ನನ್ನು ಅನುಮಾನದಿಂದ ನೋಡಿದರು. ‘ಬೆಳಿಗ್ಗೆಯೂ ತಿರುವುಮುರುವು ಬರೆದೆ ಅಂದೆಯಲ್ಲ. ಈಗ 2014ರ ಮೊತ್ತನೇ ಇಲ್ಲಿ ಇಳಿಸಿದ್ದೀಯೇನಪ್ಪ?’

2014ರ ಪುಟದ ಅಡಿಯಲ್ಲಿ ಅವರದೇ ದುಂಡು ಅಕ್ಷರದಲ್ಲಿ 17, 9, 2 ಎಂದಿತ್ತು. ಆಗಲೂ ವಿಧಾನಸಭೆಯನ್ನು ಕಾಂಗ್ರೆಸ್ ಗೆದ್ದು ಒಂದು ವರ್ಷವಾಗಿತ್ತು, ಆಗಲೂ ಸಿದ್ದರಾಮಯ್ಯನವರೇ ಮುಖ್ಯಮಂತ್ರಿ. ‘ಹಂಗಾದ್ರೆ ಹತ್ತು ವರ್ಷದಾಗೆ ಏನೂ ಆಗ್ಲಿಲ್ಲ ಅನ್ನು’ ಎಂದರು ಅಪ್ಪ. ಎರಡು ಪುಟಗಳ ನಡುವೆ 2019ರ ಪುಟವಿದೆ: ಬಿಜೆಪಿ 25, ಕಾಂಗ್ರೆಸ್ 1, ಜೆಡಿಎಸ್ 1, ಮಂಡ್ಯದಲ್ಲಿ ಪಕ್ಷೇತರರಾಗಿ ಸುಮಲತಾ. ಆ ವರ್ಷ ಕಾಂಗ್ರೆಸ್ ಗೆದ್ದಿದ್ದ ಒಂದೇ ಒಂದು ಬೆಂಗಳೂರು ಗ್ರಾಮಾಂತರವನ್ನು ಈ ಸಲ ಡಾ. ಸಿ.ಎನ್. ಮಂಜುನಾಥ್ ಬಿಜೆಪಿಗೆ ತಂದುಕೊಟ್ಟಿದ್ದರಿಂದ, ಕಾಂಗ್ರೆಸ್ಸಿನ ಒಂಬತ್ತೂ ಸ್ಥಾನಗಳು ಬೇರೆಯವರ ಕೈಯಿಂದ ಬಂದವೇ ಆಗಿದ್ದವು. ಮತಗಳ ಪ್ರಮಾಣದಲ್ಲಿ ಬಿಜೆಪಿ ಶೇ 46, ಕಾಂಗ್ರೆಸ್ ಶೇ 45ರ ಆಸುಪಾಸಿನಲ್ಲಿದ್ದುದನ್ನು ಕೆಲವು ದಿನಗಳ ಬಳಿಕ ಹೇಳಿದಾಗ ಅಪ್ಪ ಸುಲಭವಾಗಿ ಬಿಡಲಿಲ್ಲ. ಒಬ್ಬರು 28 ಕಡೆ ನಿಂತಿದ್ದಾರೆ, ಇನ್ನೊಬ್ಬರು 25 ಕಡೆ. ದಳದ ಮತವನ್ನೂ ಕೂಡಿಸದೆ ಹೋಲಿಸಿದರೆ ಅದು ಲೆಕ್ಕವೇ ಅಲ್ಲ ಎಂದು ನನ್ನ ಕಿವಿ ಹಿಂಡಿದರು. ಅವರು ಹೇಳಿದ್ದು ಸರಿ.

ಆ ರಾತ್ರಿ ಮಾತ್ರ ಅವರಿಗೆ ಮೊತ್ತದ ಮೇಲೆ ನಂಬಿಕೆ ಬರಲಿಲ್ಲ. 2014ರ ಪುಟವನ್ನು ತಾವು ಹಿಡಿದುಕೊಂಡು, ಹೊಸ ಪುಟವನ್ನು ನನ್ನ ಮುಂದಿಟ್ಟು, ಹಾಜರಿ ಕೂಗುವಂತೆ ಕ್ಷೇತ್ರಗಳ ಹೆಸರು ಕೂಗುತ್ತ ಹೋದರು. ತುಮಕೂರು? ಆಗ ಕಾಂ, ಈಗ ಬಿ. ಚಿತ್ರದುರ್ಗ? ಆಗ ಕಾಂ, ಈಗ ಬಿ. ಚಿಕ್ಕಬಳ್ಳಾಪುರ ಹಾಗೆಯೇ. ಕೋಲಾರ? ಆಗ ಕಾಂ, ಈಗ ದಳ. ಹಾಸನ? ಆಗ ದಳ, ಈಗ ಕಾಂ. ಎರಡೂ ಪುಟಗಳಲ್ಲಿ ‘ಕಾಂ’ ಎಂದೇ ಇದ್ದುದು ಚಿಕ್ಕೋಡಿ, ಕಲಬುರಗಿ, ರಾಯಚೂರು, ಚಾಮರಾಜನಗರ, ಈ ನಾಲ್ಕು ಮಾತ್ರ. ಅಪ್ಪ ಆ ನಾಲ್ಕಕ್ಕೂ ಎರಡೂ ಕಡೆ ಚುಕ್ಕೆ ಇಟ್ಟು, ಪುಸ್ತಕ ಮುಚ್ಚುವ ಮೊದಲು ನನ್ನಿಂದ ಪುಟದ ಅಡಿಯಲ್ಲಿ ಸಹಿ ಹಾಕಿಸಿಕೊಂಡರು.