ಆಟದ ನಡುವೆ ಕುಕ್ಕರಗಾಲಲ್ಲಿ ಕೂರುವ ಮಗು

ಮುಧೋಳದಲ್ಲಿರುವ ನನ್ನ ಅಣ್ಣನ ಮಗ ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಿದರೆ ಸಾಕು, ತಟ್ಟನೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ತುಟಿ ನೇರಳೆ ಹಣ್ಣು ತಿಂದಂತೆ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಆಟ. ಅವ್ವ ದೃಷ್ಟಿ ತೆಗೆದಳು. ಪಕ್ಕದ ಮನೆಯವರು "ದೊಡ್ಡಾವ ಆದ್ರ ಸರಿ ಹೋಗ್ತಾನ ಬಿಡ್ರಿ" ಅಂದರು.

ಸರಿ ಹೋಗುವುದಿಲ್ಲ. ಹಾಗೆ ಕೂರುವುದೇ ದೊಡ್ಡ ಸುಳಿವು. ಅಂಗನವಾಡಿಗೆ ತಪಾಸಣೆಗೆ ಬಂದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರು ಅದನ್ನು ನೋಡಿಯೇ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲು ಬರೆದುಕೊಟ್ಟರು. ಅವನಿಗಿದ್ದದ್ದು ಟೆಟ್ರಾಲಜಿ ಆಫ್ ಫ್ಯಾಲೋ ಎಂಬ, ಹುಟ್ಟಿನಿಂದಲೇ ಬರುವ ಹೃದಯದ ದೋಷ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದು. ಹಾಗಾಗಿ ಆಮ್ಲಜನಕ ಸಿಗದ ರಕ್ತ ತೂತಿನಿಂದ ಮೈಗೆ ಹೋಗಿ ತುಟಿ ನೀಲಿಯಾಗುತ್ತದೆ. ಕಾಲು ಮಡಚಿ ಕೂತರೆ ಮೈಕಡೆ ಹೋಗುವ ದಾರಿ ಬಿಗಿಯಾಗಿ, ಹೆಚ್ಚು ರಕ್ತ ಶ್ವಾಸಕೋಶದ ಕಡೆ ಹೊರಳುತ್ತದೆ. ಯಾರೂ ಹೇಳಿಕೊಡದೆ ಕೂಸು ಇದನ್ನು ಕಂಡುಕೊಂಡಿರುತ್ತದೆ ನೋಡಿ! ಎಳೆಗೂಸು ಅತ್ತು ಅತ್ತು ನೀಲಿಯಾದರೆ, ಮೊಣಕಾಲು ಎದೆಗೆ ಒತ್ತಿ ಹಿಡಿದು ತಕ್ಷಣ ಆಸ್ಪತ್ರೆಗೆ ಓಡಬೇಕು.

ಹಿಮೋಗ್ಲೋಬಿನ್ 18 ಬಂದಾಗ ಮನೆಯವರೆಲ್ಲ ಖುಷಿಪಟ್ಟರು. ಡಾಕ್ಟರು ಖುಷಿಪಡಲಿಲ್ಲ. ಆಮ್ಲಜನಕ ಸಾಲದ್ದಕ್ಕೆ ಮೈ ಕೆಂಪು ಕಣಗಳನ್ನು ಜಾಸ್ತಿ ಮಾಡಿಕೊಂಡು ರಕ್ತ ಗಟ್ಟಿಯಾಗಿತ್ತು. ಬೇಸಿಗೆಯಲ್ಲಿ ಭೇದಿ ಹತ್ತಿ ಮೈಯಲ್ಲಿ ನೀರು ಕಡಿಮೆಯಾದರೆ, ಹೆಪ್ಪುಗಟ್ಟಿ ಮಿದುಳಿಗೆ ಪೆಟ್ಟಾಗಬಹುದು. ನಮ್ಮ ಕಡೆ ಬಿಸಿಲು ಗೊತ್ತಲ್ವಾ? ವೈನಿ ನೀರಿನ ತಂಬಿಗೆ ಹಿಡಿದೇ ಅವನ ಹಿಂದೆ ತಿರುಗುತ್ತಿದ್ದರು.

ಆಪರೇಷನ್ ಬೆಳಗಾವಿಯಲ್ಲಿ ಆಯಿತು. ಹೃದಯ, ಶ್ವಾಸಕೋಶದ ಕೆಲಸವನ್ನು ಆ ಹೊತ್ತಿಗೆ ತಾನೇ ಮಾಡುವ ಹಾರ್ಟ್ ಲಂಗ್ ಮಷೀನಿನ ಆಸರೆಯಲ್ಲಿ ತೂತಿಗೆ ಪ್ಯಾಚ್ ಹಾಕಿ, ಕಿರಿದಾದ ದಾರಿಯನ್ನು ಅಗಲ ಮಾಡಿದರು. 1944ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಇಂಥ ನೀಲಿ ಮಕ್ಕಳಿಗೆ ಮೊದಲ ಆಪರೇಷನ್ ಆದಾಗ ಆ ಮಷೀನೇ ಇರಲಿಲ್ಲ. ತೋಳಿಗೆ ಹೋಗುವ ರಕ್ತನಾಳವನ್ನೇ ಶ್ವಾಸಕೋಶದ ನಾಳಕ್ಕೆ ಹೊಲಿದರು. ದಾರಿ ತೋರಿದವರು ಮಕ್ಕಳ ಹೃದಯದ ಡಾಕ್ಟರ್ ಹೆಲೆನ್ ಟಾಸಿಗ್, ಹೊಲಿದವರು ಸರ್ಜನ್ ಆಲ್ಫ್ರೆಡ್ ಬ್ಲೇಲಾಕ್. ನಾಯಿಗಳ ಮೇಲೆ ಆ ಹೊಲಿಗೆಯನ್ನು ಪಳಗಿಸಿಕೊಂಡಿದ್ದ ಲ್ಯಾಬ್ ಸಹಾಯಕ ವಿವಿಯನ್ ಥಾಮಸ್, ಬ್ಲೇಲಾಕ್ ಅವರ ಹಿಂದೆ ನಿಂತು ಹೇಳಿಕೊಡುತ್ತಿದ್ದರು. ಅವರು ಡಾಕ್ಟರೇ ಅಲ್ಲ, ಕರಿಯ ಜನಾಂಗದವರು. ದಶಕಗಳ ಕಾಲ ಅವರ ಹೆಸರನ್ನು ಯಾರೂ ಎತ್ತಲಿಲ್ಲ. ನನಗೆ ಅದು ಇವತ್ತಿಗೂ ಸಂಕಟ.

ಮನೆಗೆ ಬಂದ ಮೇಲಿನ ಕಷ್ಟ ಬೇರೆ. ಆಪರೇಷನ್ನಿಗೆ ಕತ್ತರಿಸಿದ ಎದೆಮೂಳೆ ಕೂಡುವವರೆಗೆ ಮಗುವನ್ನು ಕಂಕುಳಲ್ಲಿ ಕೈಹಾಕಿ ಎತ್ತಬಾರದು. ಒಂದು ಕೈ ಕುಂಡೆಯ ಕೆಳಗೆ, ಇನ್ನೊಂದು ಬೆನ್ನಿಗೆ ಕೊಟ್ಟು ಎತ್ತಬೇಕು. ನೋಡಲು ಬಂದವರೆಲ್ಲ ರಟ್ಟೆ ಹಿಡಿದು ಎತ್ತಲು ಹೋಗುತ್ತಿದ್ದರು. ವೈನಿ ಬಾಗಿಲಲ್ಲೇ ನಿಂತು, "ಕಾಕಾ, ಹಂಗ ಎತ್ತಬ್ಯಾಡ್ರಿ" ಅನ್ನುತ್ತಿದ್ದರು.

ಈಗ ಓಡುತ್ತಾನೆ, ಕೂರುವುದಿಲ್ಲ. ಶ್ವಾಸಕೋಶದ ದಾರಿಯ ಕವಾಟ ಮುಂದೆ ಸೋರಬಹುದು, ಅದಕ್ಕೇ ಎಕೋ ಬಿಡುವ ಹಾಗಿಲ್ಲ. ಹಲ್ಲೂ ಹುಳುಕಾಗಬಾರದು, ಬಾಯಿಯ ಸೋಂಕು ಹೃದಯಕ್ಕೆ ಇಳಿಯುವ ಅಪಾಯವಿದೆ. ಬೆಲ್ಲದ ಊರಿನ ಹುಡುಗ, ದಿನಾ ಅದಕ್ಕೇ ವೈನಿಗೂ ಮಗನಿಗೂ ಜಗಳ.