ಆಡು ಮುಟ್ಟದ ಸೊಪ್ಪು ನಮ್ಮ ಬದುವಿನಲ್ಲೇ ಇತ್ತು!

ಇವತ್ತು ಬೆಳಿಗ್ಗೆ ಆರೂ ಮೇಕೆಗಳು ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ ಸೊಪ್ಪು ತಿಂದವು. ಬರೀ ಕಡ್ಡಿ ಉಳಿಸಿವೆ. ಮೂರು ವಾರದಿಂದ ಇದಕ್ಕೇ ಒದ್ದಾಡುತ್ತಿದ್ದೆ.

ಬದುವಿನ ಉದ್ದಕ್ಕೂ ಗ್ಲಿರಿಸಿಡಿಯಾ ಇದೆ. ಸವರಿದಷ್ಟೂ ಚಿಗುರುತ್ತದೆ. ಒಣ ಲೆಕ್ಕದಲ್ಲಿ ಎಲೆಯಲ್ಲಿ ಸುಮಾರು ಶೇ. 20ರಷ್ಟು ಪ್ರೋಟೀನ್. ಇದನ್ನು ಬಿಟ್ಟು ಹಿಂಡಿಗೆ ಯಾಕೆ ದುಡ್ಡು ಸುರಿಯಬೇಕು, ಅಲ್ವಾ? ಆದರೆ ಹಸಿ ಸೊಪ್ಪು ಹಾಕಿದರೆ ಮೂಸಿ ಮುಖ ತಿರುಗಿಸುತ್ತಿದ್ದವು. ಆ ವಾಸನೆಯೇ ಅವಕ್ಕೆ ಆಗದು. ಬಾಡಿಸಿದರೆ ವಾಸನೆ ಕಮ್ಮಿಯಾಗುತ್ತದೆ ಅನ್ನುವುದು ನಿಮಗೆಲ್ಲ ಗೊತ್ತಿರುವುದೇ. ನನ್ನನ್ನು ಕಾಡಿದ್ದು ಬಾಡಿಸುವ ರೀತಿ.

ಮೊದಲ ಸಲ ರಾಶಿ ಹಾಕಿ ಟಾರ್ಪಾಲು ಮುಚ್ಚಿದೆ. ಬೆಳಿಗ್ಗೆ ಕೈ ಇಟ್ಟರೆ ಒಳಗೆ ಬಿಸಿ. ಮರುದಿನ ಬಿಳಿ ಬೂಷ್ಟು. ಅಷ್ಟನ್ನೂ ತಿಪ್ಪೆಗೆ ಸುರಿದೆ. ಹೊಟ್ಟೆ ಉರಿಯಿತು, ಆದರೂ ಇದರಲ್ಲಿ ಜಿಪುಣತನ ಬೇಡ. ಈ ಸೊಪ್ಪಿನಲ್ಲಿ ಕೂಮರಿನ್ ಅನ್ನುವ ರಾಸಾಯನಿಕ ಇದೆ. ಬೂಷ್ಟು ಹಿಡಿದರೆ ಅದು ಡೈಕೂಮರಾಲ್ ಅನ್ನುವ ವಿಷ ಆಗಬಹುದು. ಅದನ್ನು ತಿಂದ ಮೇಕೆಯ ರಕ್ತ ಹೆಪ್ಪುಗಟ್ಟುವುದಿಲ್ಲ, ಮೈಯೊಳಗೇ ಸೋರುತ್ತದೆ.

ಎರಡನೇ ಸಲ ನೆರಳಿನಲ್ಲಿ ತೆಳ್ಳಗೆ ಹರಡಿದೆ. ಚೆನ್ನಾಗಿಯೇ ಬಾಡಿತು. ಗೋದಲಿಗೆ ಹಾಕಿದರೆ ಎರಡು ಬಾಯಿ ತಿಂದು, ಉಳಿದದ್ದನ್ನು ಕೆಳಗೆ ಎಳೆದು ತುಳಿದವು. ತುಳಿದ ಸೊಪ್ಪನ್ನು ಮೇಕೆ ಮತ್ತೆ ಮುಟ್ಟುತ್ತದೆಯೇ?

ಅತ್ತೆ ನೋಡಿದರು. "ಹಲಸಿನ ಸೊಪ್ಪು ತೂಗು ಹಾಕಲ್ವೇನಮ್ಮಾ? ಇದನ್ನೂ ಹಂಗೇ ಕಟ್ಟು. ಕತ್ತೆತ್ತಿ ತಿನ್ನೋ ಜಾತಿ ಅದು" ಅಂದರು.

ಸಂಜೆ ಕಡಿದು, ಸಣ್ಣ ಸಣ್ಣ ಕಟ್ಟು ಕಟ್ಟಿ, ಗಾಳಿ ಆಡುವ ಕಡೆ ತಂತಿಗೆ ತಲೆಕೆಳಗಾಗಿ ತೂಗುಬಿಟ್ಟೆ. ರಾತ್ರಿಯೆಲ್ಲ ಬಾಡಿತು, ಬಿಸಿಯೇರಲಿಲ್ಲ. ಬೆಳಿಗ್ಗೆ ಅದೇ ಕಟ್ಟುಗಳನ್ನು ಕೊಟ್ಟಿಗೆಯಲ್ಲಿ ಬಾಯಿಗೆ ಎಟಕುವಷ್ಟು ಎತ್ತರಕ್ಕೆ ಕಟ್ಟಿದೆ. ಮೊದಲ ನಾಲ್ಕು ದಿನ ಪ್ರತಿ ಕಟ್ಟಿನಲ್ಲೂ ಒಂದೆರಡು ಹಲಸಿನ ಟೊಂಗೆ ಸೇರಿಸಿದೆ. ಹಳೇ ಮೇಕೆ ಮೊದಲು ಬಾಯಿ ಹಾಕಿತು. ಅದನ್ನು ನೋಡಿ ಮರಿಗಳೂ ಬಂದವು. ಆ ಕರಕರ ಸದ್ದು ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ! ಈಗ ಹಲಸು ಬೇಕಿಲ್ಲ. ಆದರೂ ಗ್ಲಿರಿಸಿಡಿಯಾವನ್ನು ಮೇವಿನ ಮೂರನೇ ಒಂದು ಭಾಗ ಮೀರಿಸುವುದಿಲ್ಲ. ಉಳಿದದ್ದು ಹುಲ್ಲು, ತೊಗರಿ ಹೊಟ್ಟು.

ಸುಬಾಬುಲ್ ಅನ್ನುವ ಇನ್ನೊಂದು ಮೇವಿನ ಮರದ ವಿಷಯಕ್ಕೆ ಮಾತ್ರ ಇನ್ನೂ ಸಿಟ್ಟಿದೆ. ಕಾಲು ಕೆಜಿ ಬೀಜ ತಂದೆ. ಅರ್ಧಕ್ಕರ್ಧ ಹುಳು ಕೊರೆದ ತೂತು. ಬಿಸಿನೀರಲ್ಲಿ ನೆನೆಸಿದರೂ ಮೊಳೆತದ್ದು ಬೆರಳೆಣಿಕೆ. ಮಾರಿದವರು "ಮಳೆ ಸರಿಯಿಲ್ಲ" ಅನ್ನುತ್ತಾರೆ. ಪಾಕೆಟ್ಟಿನೊಳಗೆ ಮಳೆ ಎಲ್ಲಿಂದ ಬರಬೇಕು?

ಆ ಖಾಲಿ ಜಾಗಕ್ಕೆ ಈಗ ಚೊಗಚೆ ಹಾಕುತ್ತಿದ್ದೇನೆ, ಅದೂ ಮೇವಿನ ಮರವೇ. ಬೀಜ ಪಕ್ಕದ ತೋಟದ್ದು. ಇದನ್ನು ಗ್ಲಿರಿಸಿಡಿಯಾ ಥರ ಬುಡಕ್ಕೆ ಕಡಿದರೆ ಸಾಯುತ್ತದೆ. ಸುಳಿ ಬಿಟ್ಟು ಪಕ್ಕದ ಕೊಂಬೆ ಮಾತ್ರ ಸವರಬೇಕು. ಕುಡುಗೋಲು ಯಾರ ಕೈಗೂ ಕೊಡುವುದಿಲ್ಲ, ನಾನೇ ಕೊಯ್ಯುತ್ತೇನೆ.