ಮೂರನೇ ಕೌಂಟರಿನ ಸ್ಟೂಲು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ತುಮಕೂರಿನ ನಮ್ಮ ಸೂಪರ್‌ಮಾರ್ಕೆಟ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಡಲೆಬೇಳೆ, ಬೆಲ್ಲ, ಚಿರೋಟಿ ರವೆ ರ‍್ಯಾಕಿಗೆ ತುಂಬಿದಷ್ಟೂ ಖಾಲಿಯಾಗುತ್ತಿತ್ತು. ಸಂಜೆ ಏಳಾಗಿತ್ತು. ಮೂರನೇ ಕೌಂಟರಿನ ಹುಡುಗಿ ಬಿಲ್ ಹಾಕುತ್ತಲೇ ಒಂದು ಪಾದವನ್ನು ಚಪ್ಪಲಿಯಿಂದ ಬಿಡಿಸಿ ಇನ್ನೊಂದರ ಮೇಲಿಟ್ಟುಕೊಂಡು ನಿಂತಿದ್ದಳು. ಪಾದ ಊದಿಕೊಂಡು, ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಬೆಳಿಗ್ಗೆ ಹತ್ತಕ್ಕೆ ನಿಂತವಳು, ಊಟಕ್ಕೆ ಹದಿನೈದು ನಿಮಿಷ ಕೂತಿದ್ದಳಷ್ಟೇ.

"ಸರ್, ಗೋಡೌನಲ್ಲಿರೋ ಸ್ಟೂಲ್ ತಂದ್ಕೊಳ್ಲಾ? ಕೂತ್ಕೊಂಡೇ ಬಿಲ್ ಹಾಕ್ತೀನಿ."

"ಗಿರಾಕಿ ಮುಂದೆ ಕೂರಬಾರದಮ್ಮ."

"ಯಾಕೆ ಸರ್?"

ದನಿಯಲ್ಲಿ ಎದುರುತ್ತರ ಇರಲಿಲ್ಲ. ನಿಜವಾಗಿ ಕಾರಣ ಕೇಳಿದ್ದಳು. ನನ್ನ ಹತ್ತಿರ ಕಾರಣವಿರಲಿಲ್ಲ.

ಫ್ಲೋರ್ ಇನ್‌ಚಾರ್ಜ್ ಆಗುವ ಮೊದಲು ಮಂಡಿಪೇಟೆಯ ದಿನಸಿ ಅಂಗಡಿಯಲ್ಲಿ ಹದಿನೆಂಟು ವರ್ಷ ಪೊಟ್ಟಣ ಕಟ್ಟಿದವನು ನಾನು. ಅಲ್ಲಿ ಕೂರುತ್ತಿದ್ದವರು ಒಬ್ಬರೇ, ಗಲ್ಲಾಪೆಟ್ಟಿಗೆಯ ಹಿಂದೆ ಸಾಹುಕಾರರು. ದುಡ್ಡು ಎಣಿಸುವುದು ಕೂತು ಮಾಡುವ ಕೆಲಸ ಅಂತಲೇ ನಾವೆಲ್ಲ ನಂಬಿದ್ದೆವು. ಅದೇ ಕೆಲಸ ಸಂಬಳದ ಹುಡುಗಿಯ ಕೈಗೆ ಬಂದಾಗ ಕುರ್ಚಿ ಯಾಕೆ ಮಾಯವಾಯಿತು? ಆ ರಾತ್ರಿಯವರೆಗೂ ನನಗೆ ಈ ಪ್ರಶ್ನೆ ಹುಟ್ಟಿರಲಿಲ್ಲ.

ಶಟರ್ ಅರ್ಧ ಎಳೆದ ಮೇಲೆ ಹುಡುಗರು ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಸಂಬಳದ ಮಾತು ಕಡೆಯಲ್ಲಿ ಬಂತು. ಮೊದಲು ಬಂದದ್ದು ಶಿಫ್ಟು. "ನಾಳೆಯ ಶಿಫ್ಟ್ ರಾತ್ರಿ ಹತ್ತಕ್ಕೆ ವಾಟ್ಸಾಪಲ್ಲಿ ಬಂದರೆ ಪರೀಕ್ಷೆಗೆ ಓದೋದು ಯಾವಾಗ?" "ಮೀಟಿಂಗಲ್ಲಿ ನಾವೆಲ್ಲ ಒಂದೇ ಫ್ಯಾಮಿಲಿ ಅಂತಾರೆ, ಕೊರಟಗೆರೆ ಬಸ್ಸು ತಪ್ಪಿದರೆ ಹೇಗೆ ಹೋದೆ ಅಂತ ಯಾರೂ ಕೇಳಲ್ಲ." ದೂರಶಿಕ್ಷಣದಲ್ಲಿ ಬಿ.ಕಾಂ. ಓದುತ್ತಿರುವ ಅದೇ ಹುಡುಗಿ, ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಏನಿದೆ ಅಂತ ಹೇಳಿದಳು: ದಿನಕ್ಕೆ 9 ಗಂಟೆ, ವಾರಕ್ಕೆ 48, ಅದನ್ನು ಮೀರಿದರೆ ಎರಡು ಪಟ್ಟು ಕೂಲಿ, ಐದು ಗಂಟೆ ದುಡಿದರೆ ಒಂದು ಗಂಟೆ ಬಿಡುವು. ಕೂರುವ ಹಕ್ಕಿಗಾಗಿ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದ್ದನ್ನು ಇನ್ನೊಬ್ಬ ಫೋನಿನಲ್ಲಿ ತೋರಿಸಿದ. ಹಾಜರಿ ಪುಸ್ತಕ ಬರೆಯುವವನು ನಾನು, ಆ ಕಾಯ್ದೆಯ ಒಂದು ಪುಟವನ್ನೂ ತೆರೆದಿರಲಿಲ್ಲ. ನಾಚಿಕೆಯಾಯಿತು.

ಈಗಿನ ಹುಡುಗರಿಗೆ ತಾಳ್ಮೆಯಿಲ್ಲ, ಆರು ತಿಂಗಳೂ ನಿಲ್ಲಲ್ಲ ಅಂತ ನಮ್ಮ ವಯಸ್ಸಿನವರು ಗೊಣಗುತ್ತೇವೆ. ನಾನೂ ಗೊಣಗಿದ್ದೇನೆ. ಆದರೆ ಅವತ್ತು ಆ ಕೌಂಟರಿನಲ್ಲಿ ಒಂದು ಬಿಲ್ಲೂ ತಪ್ಪಿರಲಿಲ್ಲ, ಕ್ಯಾಷ್ ಪೈಸೆಗೆ ಪೈಸೆ ತಾಳೆಯಾಗಿತ್ತು. ತಾಳ್ಮೆಯಿಲ್ಲದವರು ಮಾಡುವ ಕೆಲಸವಲ್ಲ ಅದು.

ಶನಿವಾರ ಸ್ಟೂಲನ್ನು ನಾನೇ ಒರೆಸಿ ಮೂರನೇ ಕೌಂಟರಿಗೆ ಇಟ್ಟೆ. ಗಿರಾಕಿ ಯಾರೂ ಏನೂ ಅನ್ನಲಿಲ್ಲ. ಒಬ್ಬ ಅಜ್ಜಿ ಮಾತ್ರ "ಕೂತ್ಕೊ ಮಗಾ, ನಂಗೇನು ಅವಸರ ಇಲ್ಲ" ಅಂದರು. ಏರಿಯಾ ಮ್ಯಾನೇಜರ್ ಬಂದವರು ತೆಗೆಸಿ ಅಂದರು. ತೆಗೆಸಬೇಕಾದ ಕಾರಣವನ್ನು ಬರೆದು ಕಳಿಸಿ ಸರ್, ಅಂತ ಕೇಳಿದ್ದೇನೆ. ಇನ್ನೂ ಬಂದಿಲ್ಲ. ವಾರದ ಶಿಫ್ಟ್ ಪಟ್ಟಿಯನ್ನು ಈಗ ಭಾನುವಾರವೇ ಗೋಡೌನಿನ ಬಾಗಿಲಿಗೆ ಅಂಟಿಸುತ್ತೇನೆ.